ಈ ವಾರ ಭಯದ ದರ

ನವೆಂಬರ್ ೩, ಸೋಮವಾರ

ಪೇಟೆ ಬಿತ್ತು. ಒಂಬತ್ತೂವರೆಗೆ ಮುಗ್ಗರಿಸಿ, ಹತ್ತಕ್ಕೆ ಮೊಣಕಾಲೂರಿ, ಹತ್ತೂವರೆಗೆ ಅಂಗಾತ. ಅಳಿಯ ತಲೆಯ ಸೋಪು ತೊಳೆಯದೆಯೇ ಬಚ್ಚಲಿನಿಂದ ಓಡಿಬಂದ. ಒಂದು ಕೈಯಲ್ಲಿ ಟವಲು, ಇನ್ನೊಂದರಲ್ಲಿ ಫೋನು.

ಇದರಲ್ಲಿ ಸೋಪು, ಟವಲು, ಫೋನು ಮಾತ್ರ ನಿಜ. ಪೇಟೆ ಬೀಳಲಿಲ್ಲ, ಒಂಚೂರು ಏರಿತು. ಆದದ್ದಿಷ್ಟು. ನನ್ನ ಹೆಂಡತಿ ಬಾಲ್ಕನಿಯಲ್ಲಿ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಂಗೈಯಲ್ಲಿ ಟೊಮೆಟೊ ಬೀಜ ಇಟ್ಟುಕೊಂಡು, "ಈಗ್ಲೇ ಹಾಕ್ಲೋ, ಸಂಜೆ ಹಾಕ್ಲೋ?" ಎಂದು ಕೇಳಿದಳು. ನಾನು ಬಚ್ಚಲ ಬಾಗಿಲ ಕಡೆ ಮುಖ ಮಾಡಿ, ಎದೆ ತುಂಬ ಉಸಿರೆಳೆದುಕೊಂಡು, "ಬಿತ್ತು! ಬಿತ್ತು! ಈಗ್ಲೇ ಬಿತ್ತು!" ಎಂದು ಕೂಗಿದೆ.

"ಎಷ್ಟು ಬಿತ್ತು ಮಾವ?" ಎಂದ, ನೆಲಕ್ಕೆಲ್ಲ ನೊರೆ ಸುರಿಸುತ್ತ.

"ಒಂದೊಂದು ಕುಂಡಕ್ಕೆ ನಾಲ್ಕು ಬಿತ್ತು ಅಂದೆ ಅಳಿಯಂದ್ರೇ. ನಿಮ್ಮತ್ತೆಗೆ ಹೇಳಿದ್ದು. ಬೀಜ."

ಇವಳು ನಕ್ಕಳು. ಕೆಲಸಕ್ಕೆ ಹೊರಟಿದ್ದ ಮಗಳು ಚಪ್ಪಲಿ ಹಾಕಿಕೊಳ್ಳುತ್ತಲೇ ನಕ್ಕಳು. ಅಳಿಯ ನಗಲಿಲ್ಲ. ನೊರೆ ಹುಬ್ಬಿನಿಂದ ಕಣ್ಣಿಗಿಳಿಯುತ್ತಿದ್ದರೂ ಕಣ್ಣು ಬಿಟ್ಟು ಫೋನಿನ ಪರದೆಯನ್ನು ಉಜ್ಜುತ್ತಿದ್ದ. ಕೈ ಎರಡು ಸಲ ತಪ್ಪು ಜಾಗ ಒತ್ತಿತು.

ಅವನು ಲಿಫ್ಟ್ ಮೆಕ್ಯಾನಿಕ್. ಏಳು ಮಹಡಿ ಆಳದ ಕತ್ತಲ ಬಾವಿಯೊಳಗೆ ತೂಗಾಡಿಕೊಂಡು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಬೋಲ್ಟು ಬಿಗಿಯುವ ಕೈ ಅದು. ತನ್ನ ಹತ್ತಿರ ಒಂದು ಷೇರೂ ಇಲ್ಲ ಎಂದು ಮೊನ್ನೆಯಷ್ಟೇ ಹೇಳಿದ್ದವನು. ಷೇರಿಲ್ಲದವನಿಗೆ ಪೇಟೆ ಬಿದ್ದರೇನು, ಎದ್ದರೇನು?

ಪರದೆಗಳು ಬರುವ ಮುಂಚೆ ಷೇರು ಪೇಟೆಯ ಹಜಾರದಲ್ಲಿ ನಿಂತು ಕೂಗಿ ಬದುಕಿದವನು ನಾನು. ಎದುರಿನವನ ಕೈ ನೋಡಿ ಅವನಿಗೆಷ್ಟು ಸುಟ್ಟಿದೆ ಎಂದು ಹೇಳುವುದೇ ನನ್ನ ಹೊಟ್ಟೆಪಾಡಾಗಿತ್ತು. ಈ ಕೈ ಸುಟ್ಟಿಲ್ಲ, ಆದರೆ ಒಲೆಯ ಹತ್ತಿರ ಇದೆ. ವಿಚಾರಿಸಬೇಕು.

ನವೆಂಬರ್ ೫, ಬುಧವಾರ

ವಿಚಾರಿಸಿದೆ. ಮೆಟ್ಟಿಲ ಮೇಲೆ ಹಿಡಿದುಕೊಂಡೆ.

"ಷೇರಿಲ್ಲ ಅಂದಿದ್ರಿ ಅಳಿಯಂದ್ರೇ?"

"ಷೇರಿಲ್ಲ ಮಾವ, ದೇವರಾಣೆ. ನಾನು ಪುಟ್ ಬರೀತೀನಿ ಅಷ್ಟೇ."

ಮನೆಯಲ್ಲಿ ಇಬ್ಬರು ಬರಹಗಾರರಿದ್ದಾರೆ ಎಂದು ಗೊತ್ತಿರಲಿಲ್ಲ. ನಾನು ಪುಟ ಬರೆಯುತ್ತೇನೆ, ಅವನು ಪುಟ್ ಬರೆಯುತ್ತಾನೆ. ಪುಟ್ ಎಂದರೆ ಪೇಟೆ ಬೀಳುವುದಕ್ಕೆ ಮಾಡಿಸುವ ವಿಮೆ. ಹೆದರಿದವನು ಕೊಳ್ಳುತ್ತಾನೆ. ಧೈರ್ಯವಂತ, ಅಥವಾ ತನ್ನನ್ನು ಧೈರ್ಯವಂತ ಎಂದುಕೊಂಡವನು, ಬರೆದು ಮಾರುತ್ತಾನೆ. ಪೇಟೆ ಬೀಳದಿದ್ದರೆ ಕಂತಿನ ದುಡ್ಡು ಬರೆದವನ ಜೇಬಿಗೆ. ಬಿದ್ದರೆ ಎದುರಿನವನ ನಷ್ಟವನ್ನೆಲ್ಲ ಬರೆದವನು ತುಂಬಿಕೊಡಬೇಕು. ಆಗ ಅವನಿಗೆ ಬೀಳುವುದೂ ಬರೆಯೇ, ಕಾದ ಕಬ್ಬಿಣದ್ದು.

ಆರು ತಿಂಗಳಿಂದ ವಾರವಾರವೂ ಬರೆಯುತ್ತಿದ್ದಾನಂತೆ. ಒಂದು ವಾರವೂ ಸೋತಿಲ್ಲವಂತೆ.

"ದುಡ್ಡು ಯಾರದು?"

ಮೆಟ್ಟಿಲ ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆದ. ಮಗಳದು. ಮಗಳು ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಡೆಂಟಿಸ್ಟುಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಾಳೆ. ಕೋಣೆಯ ಯಜಮಾನಿ ಅದನ್ನು ಮಾರುತ್ತಿದ್ದಾಳೆ. ಈ ತಿಂಗಳು ಇಪ್ಪತ್ತೆಂಟರೊಳಗೆ ಪೂರ್ತಿ ಹಣ ಕೊಟ್ಟರೆ ಮಗಳಿಗೇ, ಇಲ್ಲವಾದರೆ ಬೇರೆಯವರಿಗೆ. ಅದಕ್ಕೆಂದು ಕೂಡಿಟ್ಟ ಅಷ್ಟೂ ಹಣ ಅಳಿಯನ ಪುಟ್ಟುಗಳಿಗೆ ಅಡಮಾನವಾಗಿ ಕೂತಿದೆ.

"ಅವಳಿಗೆ ಗೊತ್ತಾ?"

"ಹೇಳಿದ್ದೀನಲ್ಲ ಮಾವ. ದುಡ್ಡು ವಿಮೇಲಿದೆ ಅಂತ ಹೇಳಿದ್ದೀನಿ."

ವಿಮೆಯಲ್ಲಿದೆ! ಒಂದಕ್ಷರ ಸುಳ್ಳಿಲ್ಲ. ವಿಮೆ ಕೊಂಡಿದ್ದಾನೆ ಎಂದುಕೊಂಡು ಅವಳು ನಿಶ್ಚಿಂತೆಯಾಗಿದ್ದಾಳೆ, ಇವನು ಮಾರುತ್ತಿದ್ದಾನೆ. ಇಷ್ಟು ವರ್ಷ ಮಾತಿನ ಕಾಲು ತಿರುಚಿಕೊಂಡು ಬಂದ ನನಗೆ ಇಂಥದ್ದು ಹೊಳೆದಿರಲಿಲ್ಲ. ಬೆನ್ನು ತಟ್ಟಬೇಕೋ ಕಪಾಳಕ್ಕೆ ಬಿಡಬೇಕೋ ತಿಳಿಯದೆ ನಿಂತುಬಿಟ್ಟೆ.

"ಇಪ್ಪತ್ತೆಂಟಕ್ಕೆ ಎಲ್ಲಾ ಅವಳ ಕೈಗಿಡ್ತೀನಿ. ಮೇಲೆ ಅವಳಿಗೊಂದು ಹೊಸ ಪಾಲಿಶ್ ಮೆಷೀನು. ಅಲ್ಲೀವರ್ಗೂ ಬಾಯಿ ಬಿಡ್ಬೇಡಿ ಮಾವ."

"ಹಲ್ಲಿನವಳ ಮನೇಲಿ ಬಾಯಿ ಬಿಡ್ಬೇಡಿ ಅಂದ್ರೆ ಹೇಗಪ್ಪಾ?" ಎಂದೆ. ಆಗಲೂ ನಗಲಿಲ್ಲ.

ನವೆಂಬರ್ ೭, ಶುಕ್ರವಾರ

ಹಳೆಯ ಚಟ ಮರಳಿತು. ಗ್ರಾಫ್ ಹಾಳೆ ತಂದೆ.

ಪೇಟೆ ಯಾವಾಗ ಬೀಳುತ್ತದೆಂದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಜನ ವಿಮೆಗೆ ಎಷ್ಟು ಕೊಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ. ಅದನ್ನೇ ಕೂಡಿ ಕಳೆದು ಒಂದು ಅಂಕಿ ಮಾಡಿ ಭಯಸೂಚಿ ಎಂದು ಹೆಸರಿಟ್ಟಿದ್ದಾರೆ. ಇವತ್ತು ಹನ್ನೆರಡು. ಅಂದರೆ ಪೇಟೆ ಹೊದ್ದು ಮಲಗಿದೆ. ಅದರ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ನಾನು ನೋಡುವುದು ಸೊಟ್ಟು. ಪೇಟೆ ತುಂಬ ಕೆಳಗೆ ಹೋದರೆ ಮಾತ್ರ ಫಲ ಕೊಡುವ ದೂರದ ಪುಟ್ಟುಗಳಿಗೆ ದರವೆಷ್ಟು? ಅಷ್ಟೇ ಮೇಲೆ ಹೋದರೆ ಫಲ ಕೊಡುವ ಕಾಲ್‌ಗಳಿಗೆಷ್ಟು? ಎರಡೂ ಸಮನಾಗಿದ್ದರೆ ಗೆರೆ ನಗುವ ಬಾಯಿಯ ಹಾಗೆ ಬರುತ್ತದೆ. ಪುಟ್ಟು ದುಬಾರಿಯಾದಷ್ಟೂ ಎಡಗಡೆ ಎದ್ದು ನಗು ಸೊಟ್ಟಗಾಗುತ್ತದೆ.

ಮೇಲ್ಗಡೆ ಶಾಂತಿ. ಕೆಳಗಡೆ ಯಾರೋ ದೊಡ್ಡವರು ಸದ್ದಿಲ್ಲದೆ ದೂರದ ಪುಟ್ಟುಗಳನ್ನು ಬಾಚಿಕೊಳ್ಳುತ್ತಿದ್ದಾರೆ.

ರಾತ್ರಿ ನಾಲ್ಕು ಸಲ ಎದ್ದೆ. ಇವಳ ಚಪ್ಪಲಿ ಹಾಕಿಕೊಂಡು ಓಡಾಡಿದೆನಂತೆ.

ನವೆಂಬರ್ ೧೦, ಸೋಮವಾರ

ಕಹಳೆಗೆ ಫೋನು ಮಾಡಿದೆ. ಹಜಾರದಲ್ಲಿ ನನ್ನ ಪಕ್ಕ ನಿಂತು ಕೂಗುತ್ತಿದ್ದವನು, ಕಹಳೆ ಎಂದರೇ ಈಗಲೂ ತಿರುಗಿ ನೋಡುವುದು. ಕೂಗಿ ಕೂಗಿ ಇಬ್ಬರ ಕಿವಿಯೂ ಹೋಗಿರುವುದರಿಂದ ನಮ್ಮ ಗುಟ್ಟಿನ ಮಾತು ಮೂರನೇ ಮಹಡಿಗೂ ಕೇಳಿಸುತ್ತದೆ.

"ಸೊಟ್ಟು ಹೆಚ್ಚಾಗಿದೆ ಕಣೋ!"

"ಸೊಂಟಾನಾ? ನಂಗೂ ಹಿಡ್ಕೊಂಡಿದೆ!"

"ಸೊಟ್ಟು, ಸೊಟ್ಟು! ಪುಟ್ಟುಗಳ ಸೊಟ್ಟು!"

"ಓ, ಅದಾ. ನೋಡ್ದೆ. ನೀನು ನೋಡೋ ಈ ಗೆರೆ ಹತ್ತು ಸಲ ಎದ್ರೆ ಎಷ್ಟು ಸಲ ನಿಜವಾಗ್ಲೂ ಪೇಟೆ ಬಿದ್ದಿದೆ ಹೇಳು?"

"ಎರಡು. ಹೆಚ್ಚಂದ್ರೆ ಮೂರು."

"ನಿನಗಿಂತ ಪರವಾಗಿಲ್ಲ ಬಿಡು. ನೀನು ಹತ್ತು ಸಲ ಕೂಗಿದ್ರೆ ಹತ್ತೂ ಸುಳ್ಳು."

ಮುಂಡೇದು. ನಕ್ಕು ನಕ್ಕು ಕೆಮ್ಮು ಬಂತು.

ಸಂಜೆ ಮಗಳು ಕೈ ತೊಳೆಯದೆ, ಉಗುರಿನಲ್ಲಿ ಪ್ಲಾಸ್ಟರು ಸಮೇತ, ನನ್ನ ಗ್ರಾಫ್ ಹಾಳೆ ಎತ್ತಿಕೊಂಡು ನೋಡಿದಳು.

"ಯಾರ ದವಡೆ ಅಪ್ಪ ಇದು?"

"ಒಬ್ಬ ದೊಡ್ಡ ಮನುಷ್ಯನದು. ಹೇಗಿದೆ?"

"ಎಡಗಡೆ ಎದ್ದುಬಿಟ್ಟಿದೆ. ಆ ಕಡೆ ಎಲ್ಲೋ ನೋವಿರ್ಬೇಕು. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ, ಆದ್ರೆ ಅಗಿಯೋಕೆ ಹೆದರ್ತಿದ್ದಾನೆ."

ಇಷ್ಟು ಚೆನ್ನಾಗಿ ಹಜಾರದಲ್ಲಿ ಯಾರೂ ಹೇಳಿರಲಿಲ್ಲ. ಈಗ ಹೇಳಿಬಿಡೋಣ ಎನ್ನಿಸಿತು. "ಮಗಳೇ, ನಿನ್ನ ಕೋಣೆ ದುಡ್ಡಿದೆಯಲ್ಲ, ಅದು ಪೇಟೇಲಿದೆ. ಪೇಟೆ ಬೀಳೋ ಹಾಗಿದೆ" ಎಂದೆ.

ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಒಳಗೆ ಕೂಗಿದಳು: "ಅಮ್ಮಾ, ಅಪ್ಪ ಮತ್ತೆ ಬೀಜ ಬಿತ್ತೋಕೆ ಶುರು ಮಾಡ್ದ!"

ನಾನೂ ನಕ್ಕೆ. ಬೇರೇನು ಮಾಡಲಿ.

ನವೆಂಬರ್ ೧೩, ಗುರುವಾರ

ಇವತ್ತು ವಾರದ ಪುಟ್ಟುಗಳ ಅವಧಿ ಮುಗಿಯಿತು. ಅಳಿಯ ಈ ವಾರವೂ ಗೆದ್ದ. ಒಂದು ಡಬ್ಬ ಐಸ್‌ಕ್ರೀಂ ತಂದು ಎಲ್ಲರಿಗೂ ಹಂಚಿದ. ನನ್ನ ಬಟ್ಟಲಿಗೆ ಎರಡು ಚಮಚ ಜಾಸ್ತಿ ಹಾಕಿ, "ಭಯಸೂಚಿ ಏನಂತೆ ಮಾವ?" ಎಂದ.

ಹದಿನಾಲ್ಕು. ಸೊಟ್ಟು ಇನ್ನೂ ಎದ್ದಿದೆ. ಐಸ್‌ಕ್ರೀಂ ತಿಂದೆ.

ನವೆಂಬರ್ ೧೫, ಶನಿವಾರ

ನಮ್ಮ ಕಟ್ಟಡದ ಲಿಫ್ಟೂ ಅಳಿಯನ ಕಂಪನಿಯದೇ. ತಾರಸಿಯ ಮೇಲಿನ ಯಂತ್ರದ ಕೋಣೆಗೆ ಅವನ ಜೊತೆ ಹತ್ತಿದೆ. ಗ್ರೀಸಿನ ವಾಸನೆ, ಕಾದ ತಂತಿಯ ವಾಸನೆ. ನಡುವೆ ಮೋಟಾರು, ದೊಡ್ಡ ಗಾಲಿ. ಗಾಲಿಯಿಂದ ಇಳಿದ ಉಕ್ಕಿನ ಹಗ್ಗಗಳು ನೆಲದ ಕಂಡಿಯಲ್ಲಿ ಹಾದು ಕೆಳಗಿನ ಕತ್ತಲೆಗೆ ಹೋಗುತ್ತವೆ.

"ಹಗ್ಗ ಎಷ್ಟಿದೆ?"

"ನಾಲ್ಕು ಮಾವ."

"ಒಂದು ಸಾಲಲ್ವಾ?"

"ಸಾಲುತ್ತೆ. ಒಂದೇ ಹಗ್ಗ ಎಲ್ಲರನ್ನೂ ಹೊರುತ್ತೆ. ಆದ್ರೂ ಒಂದ್ರ ಮೇಲೆ ಯಾರೂ ಬಿಡಲ್ಲ."

"ಹಗ್ಗ ತುಂಡಾಗಿದ್ದು ಕಣ್ಣಾರೆ ನೋಡಿದ್ದೀಯಾ?"

"ಈ ಕೆಲಸಕ್ಕೆ ಬಂದಾಗಿಂದ ಒಂದೂ ಇಲ್ಲ."

"ಹಾಗಾದ್ರೆ ಉಳಿದ ಮೂರನ್ನ ಬಿಚ್ಚಿ ಗುಜರಿಗೆ ಹಾಕು. ಐಸ್‌ಕ್ರೀಂ ತರ್ಬಹುದು."

ಬಟ್ಟೆಯಿಂದ ಕೈ ಒರೆಸುತ್ತಲೇ ಇದ್ದ. ಕೈ ಸ್ವಚ್ಛವಾದ ಮೇಲೂ ಒರೆಸಿದ. "ಅದು ಬೇರೆ, ಇದು ಬೇರೆ ಮಾವ."

"ನೀನು ಇವತ್ತೇ ಎಲ್ಲಾ ಮುಚ್ಚಿ ದುಡ್ಡು ಆಚೆ ತೆಗಿ."

"ಇನ್ನೊಂದೇ ವಾರ. ಅವಳಿಗೆ ಮೆಷೀನ್ ಕೊಡಿಸ್ಬೇಕು ಮಾವ. ಕೈಯಲ್ಲಿ ಉಜ್ಜಿ ಉಜ್ಜಿ ಅವಳ ಹೆಬ್ಬೆರಳು ಮಡಚೋಕೇ ಆಗಲ್ಲ, ನೋಡಿದ್ದೀರಾ ನೀವು?"

ನೋಡಿರಲಿಲ್ಲ. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೆ ನೋಡಿರಲಿಲ್ಲ.

ನವೆಂಬರ್ ೧೭, ಸೋಮವಾರ

ಹದಿನಾರು. ಒಂದು ಕಾಲ್‌ಗೆ ಎರಡು ಪುಟ್ಟು ಮಾರಾಟವಾಗುತ್ತಿವೆ. ಮನೆಯಲ್ಲಿ ಸಿಗ್ನಲ್ಲು ಸರಿಯಿಲ್ಲ. ತಾರಸಿಗೆ ಹೋದೆ, ಬಂದೆ, ಹೋದೆ.

ಇವಳು ಕೇಳಿದಳು: "ಏನ್ರೀ, ಹೊಟ್ಟೆ ಸರಿ ಇಲ್ವಾ?"

ನವೆಂಬರ್ ೧೮, ಮಂಗಳವಾರ

ಹದಿನೇಳು ಚಿಲ್ಲರೆ.

ಮಗಳು ಟೇಪು ಹಿಡಿದುಕೊಂಡು ಬಂದಿದ್ದಳು. ಕೋಣೆ ಸ್ವಂತದ್ದಾದ ಮೇಲೆ ಕಿಟಕಿ ಕೆಳಗೆ ಉದ್ದಕ್ಕೂ ಕಲ್ಲಿನ ಕಟ್ಟೆ ಹಾಕಿಸುತ್ತಾಳಂತೆ, ಎಷ್ಟೋ ಅಡಿ, ಅದರ ಪಕ್ಕಕ್ಕೆ ಇನ್ನೇನೋ. "ಕೇಳಿಸ್ಕೊಂಡ್ಯಾ ಅಪ್ಪ?" ಎಂದು ಎರಡು ಸಲ ಕೇಳಿದಳು. ಹೂಂ ಎಂದೆ. ಆಗಷ್ಟೇ ದೂರದ ಪುಟ್ಟಿನ ದರ ಜಿಗಿದಿತ್ತು.

ನವೆಂಬರ್ ೧೯, ಬುಧವಾರ

ಇದಕ್ಕೇ ಕಾಯುತ್ತಿದ್ದೆ.

ಸಾಮಾನ್ಯವಾಗಿ ಮೂರು ತಿಂಗಳ ವಿಮೆ ದುಬಾರಿ, ಈ ವಾರದ್ದು ಅಗ್ಗ. ದೂರದ ದಿನಗಳಲ್ಲಿ ಏನು ಬೇಕಾದರೂ ಆಗಬಹುದಲ್ಲ. ಇವತ್ತು ಮಧ್ಯಾಹ್ನ ಅದು ತಿರುವುಮುರುವಾಯಿತು. ದಿನದ ಲೆಕ್ಕಕ್ಕೆ ಈ ವಾರದ ಭಯ ಮುಂದಿನ ವರ್ಷದ ಭಯಕ್ಕಿಂತ ದುಬಾರಿ. ಮುಂದೆ ಎಂದೋ ಮಳೆ ಬಂದೀತೆಂದು ಕೊಡೆ ಕೊಳ್ಳುವವರಲ್ಲ ಇವರು, ಈಗಾಗಲೇ ತಲೆ ಒದ್ದೆಯಾದವರು.

ಭಯಸೂಚಿ ಇಪ್ಪತ್ತೊಂದು. ಕಹಳೆಗೆ ಹೇಳಿದೆ. ಅವನು ಈ ಸಲ ಜೋಕು ಮಾಡಲಿಲ್ಲ. "ನಿನ್ನ ಅಳಿಯಂಗೆ ಹೇಳು" ಎಂದ.

ಹೇಳಿದೆ. ಅಳಿಯನಿಗೆ ದರಗಳು ನನಗಿಂತ ಚೆನ್ನಾಗಿ ಗೊತ್ತು. "ಭಯ ಹೆಚ್ಚಾದಷ್ಟೂ ಬರೆಯೋನಿಗೆ ಕಂತು ಹೆಚ್ಚು ಮಾವ" ಎಂದು ಇನ್ನೂ ನಾಲ್ಕು ಬರೆದ.

ಊಟ ಮಾಡುವಾಗ ಇವಳೆಂದಳು: "ನೀವು ಒಂದು ವಾರದಿಂದ ಯಾರನ್ನೂ ಗೋಳು ಹುಯ್ಕೊಂಡಿಲ್ಲ. ಡಾಕ್ಟರ್ ಹತ್ರ ಹೋಗೋಣ್ವಾ?"

ಏನೂ ಆಗಿಲ್ಲ. ಚೆನ್ನಾಗಿಯೇ ಇದ್ದೇನೆ. ಕಾಲಿಗೆ ಹಳೆಯ ಬಲ ಬಂದ ಹಾಗಿದೆ, ಐದನೇ ಮಹಡಿಯಿಂದ ತಾರಸಿಗೆ ಒಂದೇ ಉಸಿರಿಗೆ ಹತ್ತುತ್ತೇನೆ.

ನವೆಂಬರ್ ೨೦, ಗುರುವಾರ

ನೂರಕ್ಕೆ ಎರಡು ಬಿತ್ತು. ಸೂಚಿ ಇಪ್ಪತ್ತಾರು. ಅಳಿಯ ಮೊದಲ ಸಲ ಸೋತ. ಊಟ ಬೇಡವೆಂದ. ಮಗಳು ಹಣೆ ಮುಟ್ಟಿ ನೋಡಿ ಜ್ವರದ ಮಾತ್ರೆ ಕೊಟ್ಟಳು. ಅವನು ನುಂಗಿದ.

ನವೆಂಬರ್ ೨೧, ಶುಕ್ರವಾರ

ಪೇಟೆ ಒಂದು ಗಂಟೆಯಲ್ಲಿ ನೂರಕ್ಕೆ ಏಳು ಕುಸಿಯಿತು. ಸೂಚಿ ನಲವತ್ತು ದಾಟಿತು.

ಬೆಳಿಗ್ಗೆ ಕರೆಂಟಿನ ತೊಂದರೆಯಾಗಿ ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಯ ನಡುವೆ ನಿಂತಿತು. ಒಳಗೆ ಅಳಿಯ, ಮಗಳು. ಮುಕ್ಕಾಲು ಗಂಟೆ. ಲಿಫ್ಟಿನೊಳಗೆ ಸಿಗ್ನಲ್ಲು ಬರುವುದಿಲ್ಲ. ಅಡಮಾನ ಸಾಲದೆ ಬ್ರೋಕರಿನ ಯಂತ್ರವೇ ಅಳಿಯನ ಪುಟ್ಟುಗಳನ್ನು ಸಿಕ್ಕ ದರಕ್ಕೆ ಮುಚ್ಚಿ ಕೈ ತೊಳೆದುಕೊಂಡಿತು. ಕೋಣೆಯ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು.

ಇವಳು ಕೇಳಿದಳು: "ಕರೆಂಟು ಹೋಗಿತ್ತಾ? ನನ್ನ ತಲೆ ಮೇಲೆ ಫ್ಯಾನು ತಿರುಗ್ತಾನೇ ಇತ್ತಲ್ಲ?"

ಮೂರರಲ್ಲಿ ಒಂದು ಫೇಸ್ ಮಾತ್ರ ಹೋಗಿರಬೇಕು ಎಂದೆ. ಹೋದದ್ದು ಯಾವುದು ಎನ್ನುವ ಹಾಗೆ ಇವಳು ನನ್ನ ಫೇಸನ್ನೇ ನೋಡಿದಳು.

ನವೆಂಬರ್ ೨೨, ಶನಿವಾರ

ಮನೆ ತಣ್ಣಗಿದೆ. ಮಗಳು ಅಳಲಿಲ್ಲ, ಕೂಗಲಿಲ್ಲ. ಲಿಫ್ಟಿನಲ್ಲೇ ಅಳಿಯ ಎಲ್ಲವನ್ನೂ ಹೇಳಿದನಂತೆ. ಮಧ್ಯಾಹ್ನ ಅಡುಗೆಮನೆಯಲ್ಲಿ ಅವಳು ಅಮ್ಮನ ಹತ್ತಿರ ಹೇಳುತ್ತಿದ್ದದ್ದು ಕೇಳಿಸಿತು:

"ದುಡ್ಡು ಹೋಗಿದ್ದಕ್ಕಲ್ಲಮ್ಮ. ವಿಮೇಲಿದೆ ಅಂದ್ರು. ಅಂದಾಗ ನಾನು ಥ್ಯಾಂಕ್ಸ್ ಅಂದಿದ್ದೆ. ಅದು ನೆನಪಾದ್ರೆ ಮೈಯೆಲ್ಲ ಉರಿಯುತ್ತೆ."

ಸಂಜೆ ಅಳಿಯ ತಾರಸಿಗೆ ಕರೆದ. ಯಂತ್ರದ ಕೋಣೆಯಲ್ಲಿ ಫಲಕ ಬಿಚ್ಚಿ, ಫೇಸ್ ಕಾಯುವ ರಿಲೇ ಒಂದನ್ನು ಹೊರತೆಗೆದಿದ್ದ. ಬೆರಳುದ್ದದ ಡಬ್ಬಿ. "ಇದೇ ಕೈ ಕೊಟ್ಟಿರ್ಬೇಕು. ಪರೀಕ್ಷೆ ಮಾಡಿದ್ರೆ ಸರಿಯಾಗೇ ಇದೆ ಅನ್ನುತ್ತೆ. ಆದ್ರೂ ಬದಲಾಯಿಸ್ತೀನಿ" ಎಂದ. ಹೊಸದನ್ನು ಸ್ವಂತ ದುಡ್ಡಿನಲ್ಲಿ ತಂದಿದ್ದ. ಶುಕ್ರವಾರ ಸರ್ವೀಸು ಮಾಡುವಾಗ ಈ ಕೋಣೆಯ ಬಾಗಿಲು ತೆರೆದಿಟ್ಟು ಕೆಳಗೆ ಹೋದದ್ದು ತಪ್ಪು, ಲಿಫ್ಟು ನಿಂತದ್ದು ತನ್ನ ಅಜಾಗ್ರತೆ ಎಂದು ಕಂಪನಿಗೆ ತಾನೇ ಬರೆದುಕೊಟ್ಟಿದ್ದಾನೆ.

"ನೀವು ಮೇಲೇ ಇದ್ರಲ್ಲ ಮಾವ, ಏನಾದ್ರೂ ಸದ್ದು ಬಂತಾ?"

"ಟ್ಯಾಂಕ್ ಹತ್ರ ಇದ್ದೆ. ಸಿಗ್ನಲ್ ಹುಡುಕ್ತಾ."

"ಅತ್ತೆಗೆ ನಿಮ್ಮ ಮೇಲೇ ಅನುಮಾನ. ನಾನೇ ಅಂದೆ, ಮಾವ ಮಾಡಿದ್ರೆ ಅರ್ಧ ಗಂಟೇಲಿ ಬಂದು ಹೇಳ್ಕೊಂಡು ನಗ್ತಾರೆ, ಅದಿಲ್ದೆ ಅವ್ರಿಗೆ ಊಟ ಸೇರಲ್ಲ ಅಂತ."

ಸ್ಕ್ರೂ ಬಿಗಿಯುತ್ತ ಮತ್ತೆ ಹೇಳಿದ: "ಒಂದು ಲೆಕ್ಕದಲ್ಲಿ ನಿಂತಿದ್ದೇ ವಾಸಿ ಮಾವ. ಇಲ್ದಿದ್ರೆ ಅವತ್ತು ಮನೆ ಉಳಿತಾಯಾನೂ ಹಾಕಿ ಇನ್ನೂ ಬರೀತಿದ್ದೆ. ಅದೂ ಹೋಗ್ತಿತ್ತು."

ನಾನು ಫಲಕಕ್ಕೆ ಟಾರ್ಚು ಹಿಡಿದೆ.

ನವೆಂಬರ್ ೨೫, ಮಂಗಳವಾರ

ಕಹಳೆ ಫೋನು ಮಾಡಿ, "ಕಡೇಗೂ ಒಂದು ಸಲ ನಿಜ ಕೂಗ್ದೆ ನೋಡು! ಪಾರ್ಟಿ ಯಾವಾಗ?" ಎಂದು ಅರಚಿದ. ಕೇಳಿಸಲಿಲ್ಲ ಎಂದು ಇಟ್ಟುಬಿಟ್ಟೆ.

ನವೆಂಬರ್ ೨೮, ಶುಕ್ರವಾರ

ಕೋಣೆ ಬೇರೆಯವರ ಪಾಲಾಯಿತು. ಅವರು ಅಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ಇಡುತ್ತಾರಂತೆ. ಮಗಳು ಬೇರೆ ಕಡೆ ಕೇಳಿದಳು. ಪ್ಲಾಸ್ಟರಿನ ಧೂಳು, ಮೋಟಾರಿನ ಸದ್ದು ಎಂದರೆ ಯಾರೂ ಬಾಡಿಗೆಗೆ ಕೊಡುವುದಿಲ್ಲ. ನನ್ನ ಕೋಣೆ ತೆಗೆದುಕೋ ಎಂದೆ. ನನ್ನನ್ನು ನೋಡಿ, "ತಮಾಷೆ ಅಲ್ಲ ತಾನೇ?" ಎಂದಳು. ಅಲ್ಲ ಎಂದೆ. ನನಗೂ ಇವಳಿಗೂ ಇನ್ನು ಹಾಲಿನಲ್ಲಿ ಹಾಸಿಗೆ.

ಅಳಿಯ ಹಲ್ಲಿನ ಅಚ್ಚುಗಳನ್ನು ಒಂದೊಂದೇ ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದು ನನ್ನ ಕಪಾಟಿನಲ್ಲಿ ಜೋಡಿಸಿದ. ಮಗಳು ಅದು ಅಲ್ಲಿ, ಇದು ಇಲ್ಲಿ ಎಂದಷ್ಟೇ ಹೇಳುತ್ತಿದ್ದಳು. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಆದರೆ ಅವನು ಒಂದು ಅಚ್ಚನ್ನು ತಲೆಕೆಳಗಾಗಿ ಇಟ್ಟಾಗ, "ರೀ, ಅದು ಮೇಲಿನ ದವಡೆ" ಎಂದಳು. ಆ 'ರೀ' ಒಂದು ವಾರದಿಂದ ಕೇಳಿರಲಿಲ್ಲ. ಅವನು ಅಚ್ಚು ಹಿಡಿದುಕೊಂಡು ಹಾಗೆಯೇ ನಿಂತ.

ಸೂಚಿ ಎಷ್ಟೆಂದು ಇವತ್ತು ನೋಡಿಲ್ಲ.

ನವೆಂಬರ್ ೩೦, ಭಾನುವಾರ

ನಿನ್ನೆ ಕಂಪನಿಯಿಂದ ಅಳಿಯನಿಗೆ ಕಾಗದ ಬಂತು. ಅಜಾಗ್ರತೆಗಾಗಿ ಎಚ್ಚರಿಕೆ, ಆರು ತಿಂಗಳು ಅವನು ಒಬ್ಬನೇ ಯಾವ ಲಿಫ್ಟಿಗೂ ಕೈ ಹಾಕುವಂತಿಲ್ಲ, ಇನ್ನೊಬ್ಬ ಮೆಕ್ಯಾನಿಕ್ಕಿನ ಕೈಕೆಳಗೆ ಕೆಲಸ. ಓದಿ, ಮಡಚಿ, "ಸರಿಯಾಗೇ ಇದೆ" ಎಂದ. ಅವನಿಗಿದ್ದ ಹೆಮ್ಮೆ ಅದೊಂದೇ: ತಾನು ಮುಟ್ಟಿದ ಲಿಫ್ಟು ನಿಲ್ಲುವುದಿಲ್ಲ ಎಂಬುದು.

ಬೇರೆ ಯಾರ ಹತ್ತಿರವೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಇಪ್ಪತ್ತೊಂದನೇ ತಾರೀಖಿನಲ್ಲಿ ಬರೆದದ್ದು ಪೂರ್ತಿ ನಿಜವಲ್ಲ.

ಅವತ್ತು ಬೆಳಿಗ್ಗೆ ಅಳಿಯ ಯಂತ್ರದ ಕೋಣೆ ತೆರೆದು ಮೋಟಾರಿನ ಮುಂದೆ ಕೂತಿದ್ದ. ಕೈಯಲ್ಲಿ ಸ್ಪ್ಯಾನರಿಗೆ ಬದಲು ಫೋನು. "ಇವತ್ತೇ ಬರೆಯೋ ದಿನ ಮಾವ, ಈ ದರ ಮತ್ತೆ ಸಿಗಲ್ಲ. ಮನೆ ಉಳಿತಾಯ ಹಾಕಿ ಒಂದೇ ಏಟಿಗೆ ಎಲ್ಲಾ ವಾಪಸ್ಸು ತರ್ತೀನಿ" ಎಂದ. ಆ ಖಾತೆಯ ಗುಟ್ಟಿನ ಸಂಖ್ಯೆ ಮಗಳ ಫೋನಿಗೆ ಬರುತ್ತದೆ. ಅವಳು ಕೆಲಸಕ್ಕೆಂದು ಆಗಲೇ ಕೆಳಗಿಳಿದಿದ್ದಳು. ಬೇಡ ಕಣೋ ಎಂದು ತೋಳು ಹಿಡಿದೆ. ಬಿಡಿಸಿಕೊಂಡು ಮೆಟ್ಟಿಲಿಳಿದು ಓಡಿದ.

ಸ್ವಲ್ಪ ಹೊತ್ತಿಗೆ ಮೋಟಾರು ಹೊರಳಿತು. ಗಾಲಿ ತಿರುಗಿತು. ಅವಳ ಫೋನು ಇಸಕೊಂಡು ಅವನೊಬ್ಬನೇ ಬರುತ್ತಿದ್ದಾನೆ ಎಂದುಕೊಂಡೆ. ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಗೆಳೆದೆ. ಗಾಲಿ ನಿಂತಿತು. ಹತ್ತು ನಿಮಿಷ ಸಿಗ್ನಲ್ಲಿಲ್ಲದ ಕಡೆ ಕೂತರೆ ತಲೆ ತಣ್ಣಗಾದೀತು ಎನ್ನುವುದಷ್ಟೇ ಆಗ ಮನಸ್ಸಿನಲ್ಲಿತ್ತು. ಇಲ್ಲಿಯವರೆಗೆ ನನಗೆ ನಾಚಿಕೆಯಿಲ್ಲ.

ಆಮೇಲೆ ಲಿಫ್ಟಿನೊಳಗಿನ ಅಪಾಯದ ಗಂಟೆ ಹೊಡೆಯಿತು. ಹಗ್ಗ ಇಳಿಯುವ ಕಂಡಿಯಿಂದ ಮಗಳ ದನಿ ಬಂತು. ಅವಳನ್ನೂ ವಾಪಸ್ಸು ಮೇಲಕ್ಕೆ ಕರೆತರುತ್ತಿದ್ದ.

"ಯಾರಾದ್ರೂ ಇದ್ದೀರಾ ಮೇಲೆ? ಅಪ್ಪಾ?"

ನನ್ನ ಕಿವಿ ಮಂದ. ಆದರೂ ಅದೊಂದು ಸರಿಯಾಗಿ ಕೇಳಿಸಿತು.

ಕಂಡಿಯ ಹತ್ತಿರ ಮೊಣಕಾಲೂರಿ ಕೂತೆ. ಅವನು ಮಾತಾಡತೊಡಗಿದ್ದ. ಮೊದಲು ರಿಲೇ, ಫೇಸ್ ಎಂದು ಏನೇನೋ. ಆಮೇಲೆ, "ಒಂದು ಹೇಳ್ಬೇಕು, ಕೂತ್ಕೋ" ಎಂದ.

"ಲಿಫ್ಟಲ್ಲಿ ಎಲ್ಲಿ ಕೂರ್ಲಿ?"

"ನೆಲದ ಮೇಲೇ ಕೂತ್ಕೋ. ನಾನೂ ಕೂರ್ತೀನಿ."

ಎಲ್ಲವನ್ನೂ ಹೇಳಿದ. ಅವಳು, "ಕೋಣೆ ದುಡ್ಡಾ?" ಎಂದಳು. ಅವನು ಹೂಂ ಎಂದ. ಅವಳು ಮತ್ತೆ ಗಂಟೆ ಒತ್ತಿದಳು. ಒತ್ತಿದ ಬೆರಳು ತೆಗೆಯಲಿಲ್ಲ.

ಅಷ್ಟು ಹೊತ್ತಿಗೆ ಹತ್ತು ನಿಮಿಷ ಎಂದೋ ಆಗಿತ್ತು. ನಿಜ ಹೊರಬಂದಿತ್ತು. ಸ್ವಿಚ್ಚು ಎತ್ತಿದ್ದರೆ ಹೊರಗೆ ಬಂದು ಅವಳೇ ಆ ಪುಟ್ಟುಗಳನ್ನು ಮುಚ್ಚಿಸುತ್ತಿದ್ದಳು. ಸಾಕಷ್ಟು ಹೋಗಿರುತ್ತಿತ್ತು, ಆದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿತ್ತೇನೋ. ಕೋಣೆಯ ಯಜಮಾನಿಯ ಕಾಲು ಹಿಡಿಯಲು ಅಷ್ಟಾದರೂ ಇರುತ್ತಿತ್ತು.

ಎದ್ದು ಸ್ವಿಚ್ಚಿನ ಮುಂದೆ ನಿಂತೆ. ನನ್ನ ಎಡಗೈಯಲ್ಲಿ ಫೋನಿತ್ತು. ಸೂಚಿ ಮೂವತ್ತೆರಡು, ಮೂವತ್ತೈದು, ಮೂವತ್ತೆಂಟು. ನಾನು ಹೇಳಿದ ಹಾಗೆಯೇ ಏರುತ್ತಿತ್ತು. ಎರಡು ವಾರದಿಂದ ಯಾರೂ ನಂಬದೆ ಇದ್ದದ್ದು ಕಣ್ಣೆದುರಿಗೇ ಆಗುತ್ತಿತ್ತು. ನಲವತ್ತು ದಾಟಲಿ, ನೋಡಿಬಿಡುತ್ತೇನೆ ಎಂದು ಕಾದೆ.

ಗಂಟೆ ಹೊಡೆಯುತ್ತಲೇ ಇತ್ತು. ನನ್ನ ಬಲಗೈ ಸ್ವಿಚ್ಚಿನ ಮೇಲೇ ಇತ್ತು. ನಾನು ಎತ್ತಲಿಲ್ಲ. ಮಗಳು ಕೂಗುತ್ತಿದ್ದಾಳೆ ಎಂದು ಗೊತ್ತಿದ್ದೂ ಎತ್ತಲಿಲ್ಲ, ಮತ್ತು ಆಗ ನನಗೆ ಖುಷಿಯಾಗಿತ್ತು.